ಶಿವರಾತ್ರಿಗೆ ಬೆಂಕಿ, ಯುಗಾದಿಗೆ ಅನುದಾನ: ಕಾಡಂಚಿನ ಹಳ್ಳಿಗಳು ಯಾರನ್ನು ಕೇಳಬೇಕು?

ತಾಂಡಾ ಮೇಷ್ಟ್ರು (ಚಿಂಚೋಳಿ ತಾಲ್ಲೂಕು)

ಗೆಳೆಯರೇ, ನಮ್ಮ ಲಂಬಾಣಿ ತಾಂಡಾ ಇರುವುದು ಚಿಂಚೋಳಿ ವನ್ಯಜೀವಿ ಧಾಮದ ಅಂಚಿನಲ್ಲಿ, ಕುಂಚಾವರಂ ಕಾಡಿಗೆ ಹೊಂದಿಕೊಂಡಂತೆ. ಕಳೆದ ಬೇಸಿಗೆಯಲ್ಲಿ, ಶಿವರಾತ್ರಿ ಮುಗಿದ ವಾರದಲ್ಲಿ, ಗುಡ್ಡದ ಹುಲ್ಲಿಗೆ ಬಿದ್ದ ಬೆಂಕಿ ಎರಡು ಹಗಲು, ಒಂದು ರಾತ್ರಿ ಉರಿಯಿತು. ಮೂರು ಬಣವೆ, ಒಂದು ಗುಡಿಸಲು ಮತ್ತು ನಾಲ್ಕು ಆಡುಗಳು ಸುಟ್ಟುಹೋದವು. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಇಡೀ ಇಳಿಜಾರಿನ ಸೀತಾಫಲದ ಗಿಡಗಳು ಕರಕಲಾದದ್ದು. ದೀಪಾವಳಿಯ ಮುಂಚಿನ ಒಂದೂವರೆ ತಿಂಗಳು ಆ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮಾರಿಯೇ ನಮ್ಮ ಹೆಣ್ಣುಮಕ್ಕಳು ವರ್ಷದ ಎಣ್ಣೆ, ಉಪ್ಪು, ಮಕ್ಕಳ ಪುಸ್ತಕದ ಖರ್ಚನ್ನು ತೂಗಿಸುತ್ತಿದ್ದರು. ಬೆಂಕಿ ನಂದಿಸಿದವರು ಬೇವಿನ ಟೊಂಗೆ ಹಿಡಿದ ನಮ್ಮ ಹುಡುಗರು ಮತ್ತು ದಿನಗೂಲಿಯ ಇಬ್ಬರು ಬೆಂಕಿ ಕಾವಲುಗಾರರು. ಅಗ್ನಿಶಾಮಕ ವಾಹನ ಡಾಂಬರು ರಸ್ತೆ ಮುಗಿಯುವಲ್ಲಿಯೇ ನಿಂತಿತು.

ಈಗ ನಮ್ಮ ಸಮಿತಿಯವರು ಎರಡು ಕೆಲಸ ಮಾಡಬೇಕೆಂದಿದ್ದಾರೆ. ತಾಂಡಾ ಮತ್ತು ಗುಡ್ಡದ ನಡುವೆ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಬಯಲು ಪಟ್ಟಿ, ಕಡಿಯಬೇಕು. ಸುಟ್ಟ ಇಳಿಜಾರನ್ನು ಮತ್ತೆ ಹಸಿರಾಗಿಸಬೇಕು. ಇದಕ್ಕೆ ಹಣ ಕೇಳಲು ಒಂದು ಕಚೇರಿಗೆ ಹೋದರೆ ಇದು ನಮ್ಮ ಲೆಕ್ಕಶೀರ್ಷಿಕೆಗೆ ಬರುವುದಿಲ್ಲ ಎಂದು ಇನ್ನೊಂದು ಕಡೆಗೆ ಕಳುಹಿಸಿದರು. ಅಲ್ಲಿಂದ ಮೂರನೆಯ ಕಡೆಗೆ. ಮೂರನೆಯವರು ಮೊದಲನೆಯವರ ಹೆಸರನ್ನೇ ಹೇಳಿದರು. ಕಾಡ್ಗಿಚ್ಚು ತಡೆಯಲು ಮತ್ತು ಸುಟ್ಟ ಮೇಲೆ ಚೇತರಿಸಿಕೊಳ್ಳಲು ಒಂದು ಹಳ್ಳಿ ನೇರವಾಗಿ ಕೇಳಬಹುದಾದ ಅನುದಾನ ಯಾವುದಾದರೂ ಇದೆಯೇ?

ಭೀಮಾತೀರ (ಕಲಬುರಗಿ)

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರ ಕಥೆ ಇದು.

ತಾಂಡಾ ಮೇಷ್ಟ್ರು

ಈ ಗಾದೆಯನ್ನು ನಾನು ಮೂರೂ ಕಚೇರಿಗಳಲ್ಲಿ ಕೇಳಿದ್ದೇನೆ, ಸ್ವಾಮಿ. ನಾವು ಬಾವಿ ತೋಡುತ್ತೇವೆ ಎನ್ನುತ್ತಿರುವುದು ಮುಂದಿನ ಬೆಂಕಿಗೆ ಮುಂಚೆ.

ಕಡತದ ಹುಳು (ಕಲಬುರಗಿ)

ನಾನು ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಆದ್ದರಿಂದ ಕಡತದ ಭಾಷೆಯಲ್ಲಿಯೇ ಹೇಳುತ್ತೇನೆ, ಬೇಸರಿಸಬೇಡಿ. ಹಳ್ಳಿಯ ಸಮಿತಿಯೊಂದು ಅರ್ಜಿ ಹಾಕಿ ನೇರವಾಗಿ ತನ್ನ ಖಾತೆಗೆ ತರಿಸಿಕೊಳ್ಳುವ ಕಾಡ್ಗಿಚ್ಚಿನ ಅನುದಾನ ನಮ್ಮಲ್ಲಿಲ್ಲ. ಹಣ ಇದೆ, ಆದರೆ ನಾಲ್ಕೈದು ಹೆಸರುಗಳಲ್ಲಿ ಹಂಚಿಹೋಗಿದೆ, ಮತ್ತು ಪ್ರತಿಯೊಂದರ ಬಾಗಿಲೂ ಬೇರೆ.

ಮೊದಲನೆಯದು ಕೇಂದ್ರದ ಕಾಡ್ಗಿಚ್ಚು ತಡೆ ಮತ್ತು ನಿರ್ವಹಣಾ ಯೋಜನೆ. 2017-18ಕ್ಕಿಂತ ಮುಂಚೆ ಇದು ಅರಣ್ಯ ನಿರ್ವಹಣೆಯ ಇನ್ನೊಂದು ಯೋಜನೆಯ ಹೆಸರಿನಲ್ಲಿತ್ತು. ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40ರಂತೆ ಹಣ ಹಾಕುತ್ತವೆ. ಬೆಂಕಿ ರೇಖೆ, ಕಾವಲುಗಾರರ ಕೂಲಿ, ಉಪಕರಣ, ಜಾಗೃತಿ ಎಲ್ಲವೂ ಇದರಲ್ಲಿ ಬರುತ್ತವೆ. ಹಣ ಮಾತ್ರ ಅರಣ್ಯ ಇಲಾಖೆಯ ಮೂಲಕವೇ ಇಳಿಯುತ್ತದೆ. ಎರಡನೆಯದು ಕಾಂಪಾ, ಅಂದರೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯ ಹಣ. ಗಣಿಗೆ, ರಸ್ತೆಗೆ ಕಾಡು ಕೊಟ್ಟಾಗ ಕಟ್ಟಿಸಿಕೊಂಡ ಮೊತ್ತವಿದು; ಇದರಲ್ಲಿ ನೂರಕ್ಕೆ 90 ಪಾಲು ರಾಜ್ಯದ ನಿಧಿಗೆ ಸೇರುತ್ತದೆ, 2018ರ ನಿಯಮಗಳ ಪ್ರಕಾರ ಬೆಂಕಿ ತಡೆಗೂ ಬಳಸಬಹುದು. ಮೂರನೆಯದು ವಿಪತ್ತು ನಿಧಿ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ರಾಜ್ಯಗಳ ಈ ನಿಧಿಯನ್ನು ಎರಡಾಗಿ ಒಡೆದು, 80 ಭಾಗವನ್ನು ಪರಿಹಾರ ಮತ್ತು ಪುನರ್ನಿರ್ಮಾಣಕ್ಕೆ, 20 ಭಾಗವನ್ನು ಅನಾಹುತ ಆಗದಂತೆ ತಡೆಯುವುದಕ್ಕೆ ಎಂದು ಮೀಸಲಿಟ್ಟಿತು. ಆ 20 ಭಾಗದ ಮೇಲೆ ಕಣ್ಣಿಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ ಆಗಿರುವುದರಿಂದ ಕೇಳಬೇಕಾದ ಬಾಗಿಲು ಅದು.

ಇನ್ನು ಉದ್ಯೋಗ ಖಾತ್ರಿ, ಪಂಚಾಯಿತಿಯ ಅನಿರ್ಬಂಧಿತ ಅನುದಾನ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇವೆ. ಅವುಗಳನ್ನು ಆಮೇಲೆ ಹೇಳುತ್ತೇನೆ, ಈಗ ಕಣ್ಣು ಉರಿಯುತ್ತಿದೆ.

ಭೀಮಾತೀರ

ನಿಮ್ಮ ನಿಧಿಗಳ ಪಟ್ಟಿ ಗುಲಾಬಿ ತೋಟದಂತಿದೆ. ಇದರಲ್ಲಿ ಒಂದು ಹೂವಾದರೂ ಕುಂಚಾವರಂಗೆ ಬಂದದ್ದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ.

ತೊಗರಿ ಕಣ (ಸೇಡಂ)

ಹಣದ ಮಾತಿಗೆ ಮುಂಚೆ ಒಂದು ಪ್ರಶ್ನೆ. ಬೆಂಕಿ ಹಚ್ಚುವವರು ಯಾರು? ನಮ್ಮ ಸೀಮೆಯಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿಯನ್ನು ನಾನು ಕಂಡಿಲ್ಲ. ಕುರಿಗಾಹಿಗಳು ಹೊಸ ಹುಲ್ಲು ಚಿಗುರಲೆಂದು ಹಚ್ಚುತ್ತಾರೆ, ಬೀಡಿ ಎಲೆಗೆ ಹೋದವರು ಬೀಡಿ ಸೇದಿ ಎಸೆಯುತ್ತಾರೆ, ಜೇನಿಗೆ ಹೋದವರು ದೊಂದಿಯನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಹಚ್ಚುವವರು ಇರುವ ತನಕ ಎಷ್ಟು ಕೋಟಿ ಸುರಿದರೂ ವ್ಯರ್ಥ.

ಕುರಿಗಾಹಿಯ ಮಗ (ಸುರಪುರ, ಯಾದಗಿರಿ ಜಿಲ್ಲೆ)

ಸುಗ್ಗಿ ಮುಗಿದ ಮೇಲೆ ನಮ್ಮಪ್ಪ ಸುರಪುರದಿಂದ ಹೊರಟು ಎರಡು ಜಿಲ್ಲೆ ದಾಟಿ ಕುರಿ ಮೇಯಿಸುತ್ತಿದ್ದರು. ಹೋದ ಊರಲ್ಲೆಲ್ಲ ಬೆಂಕಿ ಬಿದ್ದರೆ ಮೊದಲು ಕೇಳುತ್ತಿದ್ದ ಹೆಸರು ಅವರದೇ. ಅಣ್ಣಾ, ಬೇರೆಯವರ ಕಾಡಿನಲ್ಲಿ ಮಂದೆ ಬಿಟ್ಟುಕೊಂಡು ರಾತ್ರಿ ಮಲಗುವವನು ತನ್ನ ಮಂದೆಯ ಸುತ್ತಲೇ ಬೆಂಕಿ ಹಚ್ಚುತ್ತಾನೆಯೇ? ಈಗ ನಿಮ್ಮ ತೊಗರಿಯ ವಿಷಯಕ್ಕೆ ಬನ್ನಿ. ರಾಶಿ ಮಾಡಿದ ಮೇಲೆ ಹೊಲದ ಬದುವಿನ ಹುಲ್ಲಿಗೆ, ಉಳಿದ ಕೂಳೆಗೆ ಕಡ್ಡಿ ಗೀರಿ ಊಟಕ್ಕೆ ಮನೆಗೆ ಹೋಗುವವರು ಯಾರು? ಮಧ್ಯಾಹ್ನದ ಗಾಳಿಗೆ ಆ ಬೆಂಕಿ ಬದು ದಾಟಿ ಗುಡ್ಡ ಹತ್ತಿದ್ದನ್ನು ನಾನು ಎರಡು ಸಲ ಕಣ್ಣಾರೆ ಕಂಡಿದ್ದೇನೆ.

ತೊಗರಿ ಕಣ

ಬದು ಸುಡುವುದು ತಪ್ಪೆಂದು ಒಪ್ಪುತ್ತೇನೆ. ನಮ್ಮ ಮನೆಯಲ್ಲಿಯೂ ಮೊದಲು ಸುಡುತ್ತಿದ್ದರು. ಆದರೆ ತೊಗರಿ ಕಟ್ಟಿಗೆಯನ್ನು ಯಾರೂ ಸುಡುವುದಿಲ್ಲ, ಅದು ಒಲೆಗೆ ಬೇಕು. ಅಷ್ಟು ತಿದ್ದಿಕೊಳ್ಳಿ.

ಕಾರಂಜಾ ದಂಡೆ (ಬೀದರ್)

ಯಾರು ಹಚ್ಚಿದರು ಎಂಬ ಜಗಳ ಮುಗಿಯುವುದಿಲ್ಲ, ಬಿಡಿ. ನಮ್ಮ ಹೊನ್ನಿಕೇರಿ ಕಾಡಿನ ಕಡೆಯೂ ಇದೇ ಮಾತು ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ಮೇಷ್ಟ್ರ ಪ್ರಶ್ನೆ ಹಳ್ಳಿ ನೇರವಾಗಿ ಕೇಳಬಹುದೇ ಎಂಬುದು. ಕೇಳಬಹುದಾದ ದೇಶವೊಂದಿದೆ ಎಂದು ಹೇಳಲು ಬಂದೆ.

ನನ್ನ ಚಿಕ್ಕಪ್ಪನ ಮಗಳು ಕ್ಯಾಲಿಫೋರ್ನಿಯಾದ ಬೆಟ್ಟದೂರೊಂದರಲ್ಲಿದ್ದಾಳೆ. 2018ರ ನವೆಂಬರಿನಲ್ಲಿ ಆ ರಾಜ್ಯದ ಪ್ಯಾರಡೈಸ್ ಎಂಬ ಪಟ್ಟಣ ಒಂದೇ ಬೆಂಕಿಗೆ ಹೆಚ್ಚುಕಡಿಮೆ ಪೂರ್ತಿ ಸುಟ್ಟು 85 ಮಂದಿ ಸತ್ತ ಮೇಲೆ ಅವಳ ಊರಿನವರಿಗೆ ನಿದ್ದೆ ಹಾರಿಹೋಯಿತು. 2021ರಲ್ಲಿ ಅಮೆರಿಕದ ಸಂಸತ್ತು ಮೂಲಸೌಕರ್ಯದ ದೊಡ್ಡ ಕಾನೂನು ಮಾಡಿದಾಗ, ಬೆಂಕಿಯ ಬಾಯಲ್ಲಿರುವ ಸಮುದಾಯಗಳಿಗೆಂದೇ ಐದು ವರ್ಷಕ್ಕೆ 100 ಕೋಟಿ ಡಾಲರ್ ಎತ್ತಿಟ್ಟಿತು. ಬೆಂಕಿ ರಕ್ಷಣಾ ಯೋಜನೆಯನ್ನು ಬರೆಯುವುದಕ್ಕೆ ಎರಡೂವರೆ ಲಕ್ಷ ಡಾಲರ್ ತನಕ, ಆ ಯೋಜನೆಯಲ್ಲಿ ಬರೆದ ಕೆಲಸ ಮಾಡುವುದಕ್ಕೆ ಒಂದು ಕೋಟಿ ಡಾಲರ್ ತನಕ ಕೇಳಬಹುದು. ಬರೆಯುವುದಕ್ಕೆ ನೂರಕ್ಕೆ 10, ಕೆಲಸಕ್ಕೆ ನೂರಕ್ಕೆ 25 ಊರಿನವರೇ ಹಾಕಬೇಕು. ಬಡ ಊರಾದರೆ ಅದಕ್ಕೂ ವಿನಾಯಿತಿ ಕೇಳಬಹುದು. ಯೋಜನೆಯ ದಾಖಲೆ ಹತ್ತು ವರ್ಷಕ್ಕಿಂತ ಹಳೆಯದಾಗಿದ್ದರೆ ಕೆಲಸದ ಹಣ ಸಿಗುವುದಿಲ್ಲ.

ಭೀಮಾತೀರ

ಅಮೆರಿಕದಲ್ಲಿ ಸುಡುವುದು ಬಂಗಲೆ. ಇಲ್ಲಿ ಸುಡುವುದು ಹುಲ್ಲು. ಹೋಲಿಕೆಗೂ ಒಂದು ಮಿತಿ ಬೇಡವೇ?

ಕಾರಂಜಾ ದಂಡೆ

ಹುಲ್ಲಿನ ಜೊತೆಗೆ ಒಂದು ಗುಡಿಸಲು, ನಾಲ್ಕು ಆಡು, ಒಂದು ಇಳಿಜಾರಿನ ಹಣ್ಣು ಸುಟ್ಟಿತೆಂದು ಮೇಷ್ಟ್ರು ಮೊದಲೇ ಬರೆದಿದ್ದಾರೆ. ನೀವು ಓದದೆ ಉತ್ತರಿಸುತ್ತಿದ್ದೀರಿ. ನಾನು ಅಲ್ಲಿನ ಡಾಲರನ್ನು ಇಲ್ಲಿಗೆ ತರಲು ಹೇಳಲಿಲ್ಲ, ಅಲ್ಲಿನ ಕ್ರಮವನ್ನು ನೋಡಿ ಎಂದೆ. ಯಾವ ದಿಕ್ಕಿನಿಂದ ಬೆಂಕಿ ಬರುತ್ತದೆ, ಎಷ್ಟು ಮನೆಗಳಿವೆ, ನೀರು ಎಲ್ಲಿದೆ, ಯಾವ ದಾರಿಯಲ್ಲಿ ವಾಹನ ಹೋಗುತ್ತದೆ ಎಂಬುದನ್ನು ಊರಿನವರೇ ಕುಳಿತು ಬರೆದ ಮೇಲೆಯೇ ಅಲ್ಲಿ ಹಣದ ಮಾತು. ನಮ್ಮಲ್ಲಿ ಹಣ ಮೊದಲು ಬರುತ್ತದೆ. ಎಲ್ಲಿ ಖರ್ಚು ಮಾಡುವುದೆಂದು ಆಮೇಲೆ ಹುಡುಕುತ್ತಾರೆ.

ಉಪಗ್ರಹದ ಕಣ್ಣು (ಕಲಬುರಗಿ)

ದಾಖಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಕಾಡಿನ ಬೆಂಕಿಯ ಎಚ್ಚರಿಕೆ ಕೊಡುತ್ತಿದೆ. ಮೊದಲಿನ ಮೋಡಿಸ್ ಸಂವೇದಕ ಒಂದು ಕಿಲೋಮೀಟರ್ ಚೌಕದ ಲೆಕ್ಕದಲ್ಲಿ ನೋಡುತ್ತಿತ್ತು. ಆಮೇಲೆ ಬಂದ ವಿಐಐಆರ್‌ಎಸ್ ಎಂಬ ಸಂವೇದಕ 375 ಮೀಟರಿನ ಚೌಕದಲ್ಲಿ ನೋಡುತ್ತದೆ. ಹೆಸರು ನೋಂದಾಯಿಸಿದ ಯಾವ ನಾಗರಿಕನಿಗೂ ಮೊಬೈಲಿಗೆ ಸಂದೇಶ ಬರುತ್ತದೆ, ಶುಲ್ಕವಿಲ್ಲ. ಮೇಷ್ಟ್ರೇ, ನಿಮ್ಮ ಗುಡ್ಡದ ಬೆಂಕಿ ಎರಡು ಹಗಲು ಉರಿದಿದ್ದರೆ ಅದರ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಪಂಚನಾಮೆಯ ಜೊತೆಗೆ ಅದನ್ನು ಲಗತ್ತಿಸಿ. ಬೆಂಕಿಯೇ ಬಿದ್ದಿಲ್ಲ, ಹುಲ್ಲು ತಾನೇ ಒಣಗಿದೆ ಎಂದು ಬರೆಯುವ ಧೈರ್ಯ ಆಮೇಲೆ ಯಾರಿಗೂ ಬರುವುದಿಲ್ಲ.

ಒಂದು ಎಚ್ಚರಿಕೆಯ ಮಾತೂ ಇದೆ. ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ಮತ್ತೆ ನಡುರಾತ್ರಿ ಒಂದೂವರೆಯ ಸುಮಾರಿಗೆ. ನಮ್ಮ ಒಣ ಹುಲ್ಲಿನ ಬೆಂಕಿ ಮೂರು ಗಂಟೆಗೆ ಹತ್ತಿ ಸಂಜೆಗೆ ಆರಿದರೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಎಚ್ಚರಿಕೆ ಸಂದೇಶಗಳನ್ನು ಎಣಿಸಿ ಕಲಬುರಗಿ, ಯಾದಗಿರಿಯ ಕಡೆ ಬೆಂಕಿ ಕಡಿಮೆ ಎಂದು ತೀರ್ಮಾನಿಸುವುದು ಸರಿಯಲ್ಲ.

ಮುಲ್ಲಾಮಾರಿ (ಚಿಂಚೋಳಿ)

ಮೇಷ್ಟ್ರೇ, ನಿಮ್ಮ ಸಮಿತಿ ಯಾವುದು? ಗ್ರಾಮ ಅರಣ್ಯ ಸಮಿತಿಯೋ, ಪರಿಸರ ಅಭಿವೃದ್ಧಿ ಸಮಿತಿಯೋ, ಅರಣ್ಯ ಹಕ್ಕು ಸಮಿತಿಯೋ? ಮೂರಕ್ಕೂ ಕಾನೂನಿನ ಬೇರು ಬೇರೆ ಬೇರೆ. ನಮ್ಮ 134.88 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಧಾಮವೆಂದು ಘೋಷಿಸಿದ ಮೇಲೆ ಒಳಗಿನ ಪ್ರತಿ ಕೆಲಸಕ್ಕೂ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ಅದರ 30ನೇ ಕಲಮಿನ ಪ್ರಕಾರ ಧಾಮದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೆಂಕಿ ರೇಖೆ ಕಡಿದು ಅಲ್ಲಿನ ಹುಲ್ಲನ್ನು ನೀವೇ ಸುಟ್ಟರೆ ನಿಮ್ಮ ಮೇಲೆಯೇ ಮೊಕದ್ದಮೆ ಬಿದ್ದೀತು. ಅದು ಇಲಾಖೆಯ ಸಿಬ್ಬಂದಿಯ ಕೈಯಲ್ಲೇ ಆಗಬೇಕು.

ಇನ್ನೊಂದು ಗಂಟು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಸಮುದಾಯಕ್ಕೆ ಕಾಡಿನ ಹಕ್ಕು ಸಿಕ್ಕರೆ ಅದನ್ನು ಕಾಯುವ, ನಿರ್ವಹಿಸುವ ಅಧಿಕಾರ ಗ್ರಾಮಸಭೆಗೇ ಬರುತ್ತದೆ. ಆದರೆ ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಪರಿಶಿಷ್ಟ ಪಂಗಡದಲ್ಲಿಲ್ಲ. ಆದ್ದರಿಂದ ಇತರ ಪಾರಂಪರಿಕ ಅರಣ್ಯವಾಸಿಗಳೆಂದು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ನಿಜಾಮನ ಕಾಲದ ಉರ್ದು ದಾಖಲೆಯನ್ನು ಯಾವ ಅಜ್ಜಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಾಳೆ?

ತಾಂಡಾ ಮೇಷ್ಟ್ರು

ನಮ್ಮದು ಪರಿಸರ ಅಭಿವೃದ್ಧಿ ಸಮಿತಿ. ಖಾತೆಗೆ ನಮ್ಮ ಅಧ್ಯಕ್ಷರ ಮತ್ತು ಅರಣ್ಯ ಸಿಬ್ಬಂದಿಯ ಜಂಟಿ ಸಹಿ ಬೇಕು. ಮೂರು ವರ್ಷದಿಂದ ಖಾತೆಯಲ್ಲಿರುವುದು ಬಡ್ಡಿ ಮಾತ್ರ.

ಹುಲ್ಲು ಹೊರೆ (ಹುಮನಾಬಾದ್)

ಎಲ್ಲರೂ ಅನುದಾನ ಅನುದಾನ ಎನ್ನುತ್ತಿದ್ದೀರಿ. ನನ್ನ ಅಭಿಪ್ರಾಯ ಪೂರ್ತಿ ಬೇರೆ. ಉರಿಯುವುದು ಹುಲ್ಲು. ಆ ಹುಲ್ಲನ್ನು ಕಾರ್ತಿಕ, ಮಾರ್ಗಶಿರದಲ್ಲಿ ಕೊಯ್ದು ಹೊರೆ ಕಟ್ಟಿಕೊಂಡು ಹೋಗಲು ಜನರಿಗೆ ಬಿಟ್ಟರೆ ಬೇಸಿಗೆಯಲ್ಲಿ ಉರಿಯಲು ಏನು ಉಳಿಯುತ್ತದೆ? ಬರಗಾಲದ ವರ್ಷ ಗೋಶಾಲೆ ತೆರೆದು ಬೇರೆ ಜಿಲ್ಲೆಯಿಂದ ಲಾರಿಯಲ್ಲಿ ಮೇವು ತರಿಸುತ್ತಾರೆ, ಪಕ್ಕದ ಗುಡ್ಡದ ಮೇವು ಮಾತ್ರ ಬೂದಿಯಾಗುತ್ತದೆ. ಒಂದು ಪೈಸೆ ಖರ್ಚಿಲ್ಲದ ಬೆಂಕಿ ತಡೆ ಇದು. ನಮಗೆ ಬೇಕಾದದ್ದು ಹಣವಲ್ಲ, ಕುಡುಗೋಲು ಹಿಡಿದು ಒಳಗೆ ಹೋಗಲು ಒಂದು ಚೀಟಿ.

ಮುಲ್ಲಾಮಾರಿ

ಕಾಡಂಚಿನ ಪಟ್ಟಿಯಲ್ಲಿ ಮಾಡಬಹುದು, ಇಡೀ ಗುಡ್ಡದಲ್ಲಿ ಕೂಡದು. ಹುಲ್ಲೆಲ್ಲ ನಾವೇ ಒಯ್ದರೆ ಒಳಗಿರುವ ಮೊಲ, ಜಿಂಕೆ, ಅವುಗಳನ್ನು ನಂಬಿದ ತೋಳ ಏನು ತಿನ್ನಬೇಕು? ಹುಲ್ಲು ನಿಮಗೆ ಬರೀ ಇಂಧನವಾಗಿ ಕಾಣುತ್ತಿದೆ.

ಹುಲ್ಲು ಹೊರೆ

ಬೂದಿಯನ್ನೇನೂ ತೋಳ ತಿನ್ನುವುದಿಲ್ಲ. ಇರಲಿ, ಅಂಚಿನ ಪಟ್ಟಿ ಎಂದೇ ಇಟ್ಟುಕೊಳ್ಳೋಣ. ಐವತ್ತು ಮೀಟರ್ ಕೊಟ್ಟರೂ ಸಾಕು.

ಬೀದರಿನ ಬಾವಿಕಟ್ಟೆ (ಬೀದರ್)

ಸುಟ್ಟವರ ಪರಿಹಾರದ ಬಗ್ಗೆ ಯಾರೂ ಹೇಳಲಿಲ್ಲ. ವಿಪತ್ತು ನಿಧಿಯ ಪಟ್ಟಿಯಲ್ಲಿ ಬರ, ನೆರೆ, ಆಲಿಕಲ್ಲಿನ ಜೊತೆ ಬೆಂಕಿಯೂ ಇದೆ. 2022ರಿಂದ 2026ರ ಮಾನದಂಡದಂತೆ ಗುಡಿಸಲು ಸುಟ್ಟರೆ 8,000 ರೂಪಾಯಿ, ಬಟ್ಟೆಗೆ 2,500, ಪಾತ್ರೆಗೆ 2,500, ಎಮ್ಮೆ ಅಥವಾ ಹಸು ಸತ್ತರೆ 37,500, ಕುರಿ ಅಥವಾ ಆಡಿಗೆ 4,000. ಮಳೆಯಾಶ್ರಿತ ಬೆಳೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗಿದ್ದರೆ ಹೆಕ್ಟೇರಿಗೆ 8,500, ಅದೂ ಎರಡು ಹೆಕ್ಟೇರಿನ ತನಕ. ಆಡಿನ ಕಳೇಬರವನ್ನು ಹೂಳುವ ಮುಂಚೆ ಪಶುವೈದ್ಯರ ಪ್ರಮಾಣಪತ್ರ ತೆಗೆದುಕೊಂಡಿರಬೇಕು. ಇಲ್ಲೇ ಎಲ್ಲರೂ ಎಡವುವುದು. ನಮ್ಮ ಊರಿನಲ್ಲಿ ವಾಸನೆ ತಾಳಲಾರದೆ ಮರುದಿನವೇ ಹೂಳಿ, ಆರು ಎಮ್ಮೆಗಳ ಪರಿಹಾರ ಕಳೆದುಕೊಂಡೆವು. ಬಣವೆಗೆ ಮಾತ್ರ ಏನೂ ಇಲ್ಲ.

ತೊಗರಿ ಕಣ

ಬಣವೆಗೆ ಇದೆ. ವಿಪತ್ತು ನಿಧಿಯಲ್ಲಲ್ಲ, ರಾಜ್ಯದ ಕೃಷಿ ಇಲಾಖೆಯಲ್ಲಿ. ಆಕಸ್ಮಿಕ ಬೆಂಕಿಗೆ ಹುಲ್ಲಿನ ಬಣವೆ ಸುಟ್ಟರೆ ಗರಿಷ್ಠ 20,000 ರೂಪಾಯಿ ತನಕ ಪರಿಹಾರ ಕೊಡುತ್ತಾರೆ. ಹಾವು ಕಡಿದು ಸತ್ತ ರೈತನ ಮನೆಯವರಿಗೆ ಕೊಡುವುದೂ ಇದೇ ಸಾಲಿನಲ್ಲಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಹಣಿ ಬೇಕಾಗುತ್ತದೆ.

ಬೀದರಿನ ಬಾವಿಕಟ್ಟೆ

ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಪಹಣಿ ಎಂದೊಡನೆ ತಾಂಡಾದ ಅರ್ಧ ಜನ ಹೊರಗುಳಿಯುತ್ತಾರೆ.

ತಾಂಡಾ ಮೇಷ್ಟ್ರು

ಮೂರು ಬಣವೆಗಳಲ್ಲಿ ಪಹಣಿ ಇದ್ದವರದು ಒಂದು. ಸೀತಾಫಲ ಯಾವ ಪಟ್ಟಿಯಲ್ಲಿಯೂ ಇಲ್ಲ. ಅದು ಯಾರೂ ಬಿತ್ತದ ಬೆಳೆ, ಆದ್ದರಿಂದ ಬೆಳೆನಷ್ಟದ ನಮೂನೆಯಲ್ಲಿ ಅದಕ್ಕೆ ಅಂಕಣವೇ ಇಲ್ಲ. ಗಿಡ ಬುಡದಿಂದ ಚಿಗುರಿದೆ ನಿಜ, ಆದರೆ ಈ ವರ್ಷ ಹಣ್ಣಿಲ್ಲ.

ಕಡತದ ಹುಳು

ಬಿಟ್ಟ ಮಾತನ್ನು ಮುಂದುವರಿಸುತ್ತೇನೆ. ಇಲ್ಲಿ ಯಾರೂ ಎತ್ತದ ಸಂಗತಿಯೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದುದು: ಮೊತ್ತಕ್ಕಿಂತ ತಾರೀಖು ದೊಡ್ಡದು. ಬೆಂಕಿ ರೇಖೆಯ ಹುಲ್ಲನ್ನು ನವೆಂಬರ್, ಡಿಸೆಂಬರಿನಲ್ಲಿ ಇನ್ನೂ ಅರೆಹಸಿ ಇರುವಾಗ ಕೊಯ್ಯಬೇಕು. ಜನವರಿಯ ಬೆಳಗಿನ ತಂಪಿನಲ್ಲಿ, ಗಾಳಿ ಏಳುವ ಮುಂಚೆ, ಒಣಗಿದ್ದನ್ನು ಇಲಾಖೆಯವರು ಸುಡಬೇಕು. ಫೆಬ್ರವರಿಯಿಂದ ಬೀಳುವ ತರಗೆಲೆಯನ್ನು ಗುಡಿಸುತ್ತಿರಬೇಕು. ಸರ್ಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಕ್ರಿಯಾಯೋಜನೆಗೆ ಮಂಜೂರಾತಿ, ಮೊದಲ ಕಂತು, ಬಳಕೆ ಪ್ರಮಾಣಪತ್ರ, ಎರಡನೆಯ ಕಂತು ಎಂದು ಸುತ್ತಿ ಬರುವಷ್ಟರಲ್ಲಿ ಫೆಬ್ರವರಿ ಕಳೆದಿರುತ್ತದೆ. ನನ್ನ ಸೇವೆಯಲ್ಲಿ, ಗುಡ್ಡ ಸುಟ್ಟು ಕಪ್ಪಾದ ಮೇಲೆ ಅದೇ ಗುಡ್ಡದ ಬೆಂಕಿ ರೇಖೆಯ ಬಿಲ್ಲನ್ನು ಮಾರ್ಚ್ ಕೊನೆಯ ವಾರ ಪಾಸು ಮಾಡಿದ ಸಂದರ್ಭವೂ ಉಂಟು. ಲೆಕ್ಕ ತಪ್ಪಿರಲಿಲ್ಲ, ಕಾಲ ತಪ್ಪಿತ್ತು. ಮೇಷ್ಟ್ರು ಎರಡು ಲಕ್ಷ ಡಿಸೆಂಬರಿನಲ್ಲಿ ಕೇಳಲಿ. ಮಾರ್ಚ್‌ನಲ್ಲಿ ಇಪ್ಪತ್ತು ಲಕ್ಷ ಬಂದರೂ ಅದರಿಂದ ಕಾಮಗಾರಿಯ ಫಲಕವಷ್ಟೇ ಏಳುತ್ತದೆ.

ಹಾಗಾದರೆ ಯಾವ ಹಣ ಡಿಸೆಂಬರಿನಲ್ಲಿ ಕೈಗೆ ಸಿಗುತ್ತದೆ? ಪಂಚಾಯಿತಿಯದು. ಹದಿನೈದನೆಯ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ನೂರಕ್ಕೆ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು, 40 ಅನಿರ್ಬಂಧಿತವಾಗಿತ್ತು; ಸಂಬಳ ಮತ್ತು ಕಚೇರಿ ಖರ್ಚನ್ನು ಹೊರತುಪಡಿಸಿ ಊರಿನ ಅಗತ್ಯಕ್ಕೆ ಬಳಸಬಹುದಿತ್ತು. ಮುಂದಿನ ವರ್ಷದ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಅಕ್ಟೋಬರ್ 2ರಿಂದ ಗ್ರಾಮಸಭೆಗಳು ಶುರುವಾಗುತ್ತವೆ. ಅಲ್ಲಿ ಬೆಂಕಿ ತಡೆ ಎಂಬ ಶಬ್ದ ನಡಾವಳಿಯಲ್ಲಿ ಬರೆಸಿ. ತಾಂಡಾದ ಹೊರಗೆ, ಕಂದಾಯ ಭೂಮಿಯಲ್ಲಿ ಕಡಿಯುವ ರೇಖೆಗೆ ಅರಣ್ಯದ ಅನುಮತಿಯ ರಗಳೆ ಇರುವುದಿಲ್ಲ. ಸುಟ್ಟ ಇಳಿಜಾರಿನ ಇಂಗುಗುಂಡಿ, ಕಂದಕ, ಸಸಿ ನೆಡುವ ಕೂಲಿಗೆ ಉದ್ಯೋಗ ಖಾತ್ರಿಯನ್ನು ಕೇಳಿ, ಅರಣ್ಯ ಇಲಾಖೆಯೇ ಅನುಷ್ಠಾನ ಮಾಡುವಂತೆ.

ಭೀಮಾತೀರ

ಮಂಡಳಿಯನ್ನು ಮರೆತಿರಿ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಎಂದು ಘೋಷಿಸಿದ್ದಾರೆ. ಅದರಲ್ಲಿ ಒಂದು ಗುಡ್ಡಕ್ಕೆ ಚೂರು ಇಲ್ಲವೇ?

ಕಡತದ ಹುಳು

ಕೇಳಬಹುದು, ಶಾಸಕರ ಮೂಲಕ. ಆದರೆ ಅಲ್ಲಿ ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಎಂದು ಉದ್ಘಾಟಿಸಬಹುದಾದ ಕೆಲಸಗಳ ಸಾಲು ಉದ್ದವಿರುತ್ತದೆ. ಹುಲ್ಲು ಕೊಯ್ದ ಪಟ್ಟಿಗೆ ಯಾರು ರಿಬ್ಬನ್ ಕಟ್ಟುತ್ತಾರೆ? ನೀರಿನ ತೊಟ್ಟಿ ಮತ್ತು ವಾಹನ ಹೋಗುವ ಕಚ್ಚಾ ದಾರಿ ಎಂದು ಬರೆದರೆ ಸಿಕ್ಕೀತು. ಅವೆರಡೂ ಬೆಂಕಿಗೆ ಬೇಕಾದವೇ.

ಉಪಗ್ರಹದ ಕಣ್ಣು

ಇನ್ನೊಂದನ್ನು ಸೇರಿಸಿಕೊಳ್ಳಿ. ರಾಷ್ಟ್ರೀಯ ವಿಪತ್ತು ಉಪಶಮನ ನಿಧಿಯಿಂದ 19 ರಾಜ್ಯಗಳ 144 ಜಿಲ್ಲೆಗಳಲ್ಲಿ ಕಾಡ್ಗಿಚ್ಚಿನ ಅಪಾಯ ತಗ್ಗಿಸಲು 818.92 ಕೋಟಿಯ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದೆ. ನಮ್ಮ ಜಿಲ್ಲೆಯ ಹೆಸರು ಅದರಲ್ಲಿ ಇದೆಯೇ, ಇಲ್ಲದಿದ್ದರೆ ಏಕಿಲ್ಲ ಎಂದು ಜಿಲ್ಲಾ ಪ್ರಾಧಿಕಾರವನ್ನು ಲಿಖಿತವಾಗಿ ಕೇಳಿ. ಲಿಖಿತವಾಗಿ ಎಂಬುದನ್ನು ಮರೆಯಬೇಡಿ.

ಕುರಿಗಾಹಿಯ ಮಗ

ಬೆಂಕಿ ಕಾವಲುಗಾರರನ್ನು ಆರಿಸುವಾಗ ಕುರಿಗಾಹಿಗಳನ್ನೂ ಸೇರಿಸಿ. ನಡುಹಗಲು ಗುಡ್ಡದ ಮೇಲೆ ಇರುವವರು ಅವರೇ. ಹೊಗೆ ಮೊದಲು ಕಾಣುವುದೂ ಅವರಿಗೇ. ಆಪಾದನೆ ಪುಕ್ಕಟೆ ಹೊತ್ತಿದ್ದಾಯಿತು, ಮೂರು ತಿಂಗಳ ಕೂಲಿಯನ್ನೂ ಹೊರಲಿ.

ತೊಗರಿ ಕಣ

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಮೊದಲು ಆಡಿದ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ.

ಕುರಿಗಾಹಿಯ ಮಗ

ಉಳಿದರ್ಧ?

ತೊಗರಿ ಕಣ

ಅದು ಬೀಡಿ ಸೇದುವವರಿಗೆ.

ತಾಂಡಾ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಸಮಿತಿಯವರ ಜೊತೆ ಕುಳಿತು ಮೂರು ಪ್ರತ್ಯೇಕ ಅರ್ಜಿ ಬರೆದೆವು. ಪಂಚಾಯಿತಿಗೆ ಕಂದಾಯ ಭೂಮಿಯ ಬದಿಯ ರೇಖೆಗೆ, ಡಿಸೆಂಬರ್ 15ರ ಒಳಗೆ ಕೆಲಸ ಮುಗಿಯಬೇಕೆಂದು ಕೆಳಗೆ ಗೆರೆ ಎಳೆದು. ಅರಣ್ಯ ಇಲಾಖೆಗೆ ಒಳಬದಿಯ ರೇಖೆ ಮತ್ತು ಐವತ್ತು ಮೀಟರ್ ಪಟ್ಟಿಯಲ್ಲಿ ಹುಲ್ಲು ಕೊಯ್ಯುವ ಅನುಮತಿಗೆ. ಜಿಲ್ಲಾ ಪ್ರಾಧಿಕಾರಕ್ಕೆ ಸೀತಾಫಲದ ನಷ್ಟವನ್ನು ಮನೆವಾರು ಬರೆದು, ಉಪಶಮನ ನಿಧಿಯ ಪ್ರಶ್ನೆಯನ್ನೂ ಸೇರಿಸಿ. ಮನೆವಾರು ಪಟ್ಟಿ ಬರೆಯುವಾಗ ಒಬ್ಬ ಅಜ್ಜಿ ಬುಟ್ಟಿ ಲೆಕ್ಕವನ್ನು ಇಪ್ಪತ್ತು ವರ್ಷದ ಹಿಂದಿನಿಂದ ಬಾಯಿಪಾಠ ಹೇಳಿದಳು, ಅದನ್ನೂ ಲಗತ್ತಿಸಿದ್ದೇವೆ. ಕೊರತೆ ಇರುವುದು ಒಂದೇ, ಗುಡ್ಡದ ಸರ್ವೆ ನಕ್ಷೆ. ಎಲ್ಲಿ ಕಂದಾಯ ಭೂಮಿ ಮುಗಿದು ಕಾಡು ಶುರುವಾಗುತ್ತದೆ ಎಂಬುದು ಗೊತ್ತಿಲ್ಲದೆ ಮೊದಲೆರಡು ಅರ್ಜಿಗಳು ನಿಲ್ಲುವುದಿಲ್ಲ. ಗ್ರಾಮಸಭೆ ಬರುವ ಸೋಮವಾರ.

ಮುಲ್ಲಾಮಾರಿ

ಹಳೆಯ ಗ್ರಾಮನಕ್ಷೆಯ ಪ್ರತಿ ನನ್ನ ಬಳಿ ಇದೆ, ಒಂದು ಮೂಲೆ ಇಲಿ ತಿಂದಿದೆ ಅಷ್ಟೆ. ಶನಿವಾರ ಬೆಳಗಿನ ಬಸ್ಸಿಗೆ ತರುತ್ತೇನೆ. ಗುಡ್ಡ ಹತ್ತಿ ಕಲ್ಲು ಎಣಿಸಲು ಇಬ್ಬರು ಹುಡುಗರನ್ನು ನಿಲ್ಲಿಸಿರಿ.